ಎರಡನೇ ಹೆಡ್ಡಿನ ಸದ್ದು

ಮಾವನ ಕಿವಿ ಮಂದವಾಗಿರುವುದು ಮನೆಯವರಿಗೆಲ್ಲ ಗೊತ್ತಿತ್ತು. ಗೊತ್ತಿದ್ದೂ ಯಾರೂ ಬಾಯಿ ಬಿಡುತ್ತಿರಲಿಲ್ಲ. ಅತ್ತೆ ಊಟಕ್ಕೆ ಕೂಗುವ ಬದಲು ತಾವೇ ಎದ್ದು ಹೋಗಿ ಭುಜ ಮುಟ್ಟಿ ಕರೆಯುತ್ತಿದ್ದರು. ಲಾರಿ ಓಡಿಸುವ ಮಗ ದೂರದಿಂದ ಫೋನ್ ಮಾಡಿದಾಗ, ಅಪ್ಪ ಎರಡು ಸಲ "ಆಂ?" ಅಂದರೆ ಸಾಕು, "ಇಲ್ಲಿ ಸಿಗ್ನಲ್ ಸರಿ ಇಲ್ಲಪ್ಪಾ" ಎಂದು ತಾನೇ ನೆಪ ಹೂಡುತ್ತಿದ್ದ. ಶಾಲೆಗೆ ಹೋಗುವ ಮೊಮ್ಮಗಳಂತೂ ಏನೇ ಹೇಳಬೇಕಾದರೂ ತಾತನ ತೊಡೆಯೇರಿ, ಅವರ ಗಲ್ಲ ಎರಡೂ ಕೈಯಲ್ಲಿ ಹಿಡಿದು, ಮೂಗಿಗೆ ಮೂಗು ತಾಗಿಸಿಯೇ ಹೇಳುತ್ತಿದ್ದಳು. ಅವಳಿಗೆ ಅದನ್ನು ಯಾರೂ ಹೇಳಿಕೊಟ್ಟಿರಲಿಲ್ಲ.

ಇಷ್ಟೆಲ್ಲ ನಾಜೂಕು ಯಾಕೆಂದರೆ, ಮಾವನ ಮರ್ಯಾದೆಯೆಲ್ಲ ಆ ಕಿವಿಯಲ್ಲೇ ಇತ್ತು. ಬೀದಿಯಲ್ಲಿ ಅವರನ್ನು ಹೆಸರು ಹಿಡಿದು ಕರೆಯುವವರೇ ಇರಲಿಲ್ಲ; ಎಲ್ಲರಿಗೂ ಅವರು ಕಿವಿ ಮೇಸ್ತ್ರಿ. ಗಾಡಿ ಇನ್ನೂ ತಿರುವಿನಲ್ಲಿರುವಾಗಲೇ ಸದ್ದು ಕೇಳಿ, "ಬರ್ತಾ ಇದೆ ನೋಡು, ವಾಲ್ವ್ ಸಡಿಲ ಆಗಿರೋದು" ಎಂದು ಹೇಳಿ, ಬಾನೆಟ್ ತೆರೆಯುವ ಮೊದಲೇ ಬೇಕಾದ ಸ್ಪ್ಯಾನರ್ ಕೈಯಲ್ಲಿ ಹಿಡಿದು ನಿಲ್ಲುತ್ತಿದ್ದವರು. ಅಂಥವರ ಎದುರು ನಿಂತು "ನಿಮಗೆ ಕಿವಿ ಕೇಳಿಸಲ್ಲ" ಎಂದು ಹೇಳುವ ಗುಂಡಿಗೆ ಯಾರಿಗಿದ್ದೀತು?

ಸೊಸೆ ಷೆಡ್ಡಿಗೆ ಕಾಲಿಟ್ಟಿದ್ದು ಮಗಳು ಶಾಲೆ ಸೇರಿದ ಮೇಲೆ. ಮೊದಲು ಚಹಾ ಕೊಡಲು ಬರುತ್ತಿದ್ದಳು, ಆಮೇಲೆ ಲೋಟ ವಾಪಸು ಒಯ್ಯಲು ಬಂದವಳು ನಿಂತು ನೋಡುತ್ತಿದ್ದಳು, ಕಡೆಗೆ ಮಾವನೇ "ನಿಂತ್ಕೊಂಡು ಏನು ನೋಡ್ತೀಯ, ಆ ಬೋಲ್ಟ್ ಹಿಡ್ಕೋ" ಅಂದಿದ್ದರು. ಅಡುಗೆಮನೆಗೂ ಷೆಡ್ಡಿಗೂ ನಡುವೆ ಒಂದೇ ಬಾಗಿಲು. ಒಲೆಯ ಮೇಲೆ ಹಾಲಿಟ್ಟು ಬಂದು ಇಂಜಿನ್ನಿಗೆ ಅಂಟಿದ ಹಳೆಯ ಗ್ಯಾಸ್ಕೆಟ್ ಕೆರೆಯುವುದು, ನಡುವೆ ಓಡಿಹೋಗಿ ಉರಿ ಸಣ್ಣ ಮಾಡಿ ಬರುವುದು, ಹೀಗೆ ನಾಲ್ಕೈದು ವರ್ಷ ಕಳೆದಿತ್ತು. ಅವಳ ಸೀರೆಯ ಸೆರಗಿಗೆ ಒಗ್ಗರಣೆಯ ವಾಸನೆಯ ಜೊತೆ ಗ್ರೀಸಿನ ವಾಸನೆಯೂ ಹತ್ತಿ, ಯಾವ ಸೋಪಿಗೂ ಬಗ್ಗದೆ ಉಳಿದುಬಿಟ್ಟಿತ್ತು. "ಗಂಡ ಲಾರಿ, ಮಾವ ಕಾರು, ನೀನೊಂದು ಸ್ಕೂಟರಾಗಿಬಿಡು, ನಾನು ಸಂಸಾರ ಪೆಟ್ರೋಲ್ ಬಂಕಿನಲ್ಲೇ ಮಾಡ್ತೀನಿ" ಎಂದು ಅತ್ತೆ ಮೂಗು ಮುರಿಯುತ್ತಿದ್ದರು. ಆದರೆ ಹಾಲು ಉಕ್ಕಿದರೆ ಬೈಯದೆ ತಾವೇ ಒರೆಸುತ್ತಿದ್ದರು.

ಆ ವಾರ ಷೆಡ್ಡಿನಲ್ಲಿದ್ದದ್ದು ಹಲ್ಲಿನ ಡಾಕ್ಟರಮ್ಮನ ಕಾರಿನ ಇಂಜಿನ್. ಕಾರು ಡಾಕ್ಟರಮ್ಮನ ಅಪ್ಪನದು. ಅವರು ತೀರಿಕೊಂಡ ಮೇಲೆ ಬಹಳ ಕಾಲ ಚಾವಣಿಯ ಕೆಳಗೆ ಮುಸುಕು ಹೊದ್ದು ನಿಂತಿದ್ದು, ಒಂದು ದಿನ ಹೊರಗೆ ತೆಗೆದಾಗ ಕಾದು ಹಬೆಯಾಡಿ ನಿಂತುಬಿಟ್ಟಿತ್ತು. ದೊಡ್ಡ ಇಂಜಿನ್. ಎರಡು ಸಾಲಿನಲ್ಲಿ ನಾಲ್ಕು ನಾಲ್ಕು ಸಿಲಿಂಡರ್, ಬೊಗಸೆ ಬಿಡಿಸಿ ಹಿಡಿದ ಕೈಗಳ ಹಾಗೆ ಆ ಕಡೆಗೊಂದು ಈ ಕಡೆಗೊಂದು ವಾಲಿದ ಸಾಲು. ಒಂದೊಂದು ಸಾಲಿನ ಮೇಲೆ ಒಂದೊಂದು ಹೆಡ್ಡು, ಮುಚ್ಚಳದಂತೆ. ಗಾಳಿ ಒಳಗೆ ಬರುವುದು, ಹೊಗೆ ಹೊರಗೆ ಹೋಗುವುದು, ಬೆಂಕಿ ಹತ್ತುವುದು ಎಲ್ಲ ಆ ಹೆಡ್ಡಿನಲ್ಲೇ. ಕಾದ ರಭಸಕ್ಕೆ ಅವುಗಳಲ್ಲೊಂದು ಅಂಚಿನಿಂದ ಅಂಚಿಗೆ ಸೀಳಿಹೋಗಿತ್ತು. ಇನ್ನೊಂದು ನೋಡಲು ಚೆನ್ನಾಗಿದ್ದರೂ ಮಾವ ಅದನ್ನು ಮೂಲೆಗೆ ಸರಿಸಿದ್ದರು. ಅವರದೊಂದು ಹಟ: ಹೆಡ್ಡು ಹಾಕಿದರೆ ಒಂದೇ ಇಂಜಿನ್ನಿನ ಜೋಡಿ ಹಾಕಬೇಕು. ಒಂದಿಲ್ಲದ ಮೇಲೆ ಇನ್ನೊಂದಕ್ಕೂ ಬೆಲೆ ಇಲ್ಲ.

"ನನ್ನ ತಮ್ಮ ಹೊಸಾ ಅಲ್ಯೂಮಿನಿಯಂ ಹೆಡ್ಡು ಹಾಕ್ಸು ಅಂತಾನೆ," ಎಂದು ಡಾಕ್ಟರಮ್ಮ ಸ್ಟೂಲಿನ ಮೇಲೆ ಕೂತು ಹೇಳಿದರು. ಕ್ಲಿನಿಕ್ಕಿನಿಂದ ನೇರ ಬಂದಿದ್ದರು. "ಹಗುರ ಅಂತೆ. ಗಾಳಿ ಜಾಸ್ತಿ ಎಳ್ಕೊಳುತ್ತಂತೆ. ಕಾರು ಹಾರುತ್ತೆ ಅಂತಾನೆ."

ಮಾವ ಅವರ ತುಟಿಯ ಮೇಲೆ ಕಣ್ಣಿಟ್ಟು ಕೇಳಿಸಿಕೊಂಡರು. "ನೀವು ಹಾರ್ತೀರಾ ಡಾಕ್ಟರೇ?"

"ಅಯ್ಯೋ, ನನಗೆ ಗುಡ್ಡದ ರಸ್ತೇಲಿ ನಿಧಾನವಾಗಿ ನಮ್ಮಕ್ಕನ ಮನೇವರೆಗೆ ಹೋಗಿ ಬಂದ್ರೆ ಸಾಕು. ಅದೂ ಒಬ್ಬಳೇ. ಪಕ್ಕದಲ್ಲಿ ಯಾರೂ ಕೂತು 'ಗೇರು, ಗೇರು' ಅನ್ನಬಾರದು."

"ಹಾಗಿದ್ರೆ ದೊಡ್ಡ ಬಾಯಿ ಹೆಡ್ಡು ಯಾಕೆ? ಅದು ಜೋರಾಗಿ ಓಡೋ ಗಾಡಿಗೆ. ನಿಧಾನಕ್ಕೆ ಹೋಗೋವಾಗ ಸಣ್ಣ ದಾರೀಲೇ ಗಾಳಿ ಚುರುಕಾಗಿ ನುಗ್ಗೋದು. ಸಣ್ಣ ಊದುಕೊಳವೇಲಿ ಊದಿ ನೋಡಿ, ಆಮೇಲೆ ದಪ್ಪ ಪೈಪಲ್ಲಿ ಊದಿ ನೋಡಿ. ಯಾವುದರಲ್ಲಿ ಉಸಿರು ಜೋರಾಗಿ ಬರುತ್ತೆ?" ಬೆಂಚಿನ ಕೆಳಗಿಂದ ಗೋಣಿ ಎಳೆದರು. "ನನ್ನ ಹತ್ರ ಇದೇ ಜಾತಿ ಇಂಜಿನ್ನಿನ ಬೀಡು ಕಬ್ಬಿಣದ ಜೋಡಿ ಇದೆ. ಎಷ್ಟು ವರ್ಷದಿಂದ ಕಾಪಾಡಿಟ್ಟಿದ್ದೀನಿ. ಗಟ್ಟಿ ಇದ್ಯೋ ಇಲ್ವೋ, ಅದರ ಬಾಯಲ್ಲೇ ಹೇಳಿಸ್ತೀನಿ."

ಸೊಸೆ ಭಾರ ಎತ್ತುವ ಚೈನ್ ಪುಲ್ಲಿಗೆ ಮೊದಲನೇ ಹೆಡ್ಡು ಸಿಕ್ಕಿಸಿದಳು. ಇದು ಮಾವನ ಹಳೆಯ ಪರೀಕ್ಷೆ. ಬೀಡಿನ ಹೆಡ್ಡನ್ನು ನೆಲಕ್ಕೆ ತಾಗದಂತೆ ನೇತುಹಾಕಿ ಸಣ್ಣ ಸುತ್ತಿಗೆಯಿಂದ ತಟ್ಟುವುದು. ಒಳಗೆಲ್ಲೂ ಬಿರುಕಿಲ್ಲದಿದ್ದರೆ ಗಂಟೆಯ ಹಾಗೆ ದನಿ ಎಳೆಯುತ್ತದೆ. ಬಿರುಕಿದ್ದರೆ ಸೀಳಿದ ಮಡಕೆಯ ಹಾಗೆ ಅಲ್ಲೇ ಸತ್ತುಹೋಗುತ್ತದೆ.

ಮಾವ ತಟ್ಟಿದರು. ದನಿ ಷೆಡ್ಡಿನ ತಗಡಿನವರೆಗೆ ಹೋಗಿ ನಿಧಾನವಾಗಿ ಇಳಿಯಿತು. "ಒಳ್ಳೇದು," ಅಂದರು.

ಎರಡನೆಯದನ್ನು ನೇತುಹಾಕಿದಳು. ತಟ್ಟಿದರು.

ಠಪ್.

ಒಡಕು ಎಂದು ಸೊಸೆಗೆ ಆಗಲೇ ತಿಳಿಯಿತು. ಮಾವ ತಲೆಯೆತ್ತುತ್ತಿರುವುದು ಕಾಣಿಸಿತು. ಡಾಕ್ಟರಮ್ಮ ಎದುರಿಗೇ ಕೂತಿದ್ದಾರೆ, ಮಾವ ಈಗ ಏನೋ ಹೇಳುತ್ತಾರೆ, ಅದು ತಪ್ಪಾಗುತ್ತದೆ, ತನ್ನ ಮುಖ ನೋಡಿದರೆ ಡಾಕ್ಟರಮ್ಮನಿಗೂ ತಿಳಿದುಬಿಡುತ್ತದೆ. ಇಷ್ಟೂ ಒಟ್ಟಿಗೆ ತಲೆಗೆ ಬಂದು ಅವಳು ಏನೂ ತೋಚದೆ, ಕೆಳಗೆ ಬಿದ್ದಿದ್ದ ಎಣ್ಣೆಬಟ್ಟೆ ಎತ್ತಿಕೊಳ್ಳುವವಳಂತೆ ಬಗ್ಗಿಬಿಟ್ಟಳು.

ಮೇಲಿನಿಂದ ಮಾವನ ದನಿ ಬಂತು. "ಇದೂ ಒಳ್ಳೇದೇ. ಜೋಡಿ ಗಟ್ಟಿ ಇದೆ ಡಾಕ್ಟರೇ, ಇದನ್ನೇ ಹಾಕ್ತೀನಿ."

"ಯಾವುದು ಗಟ್ಟಿ ಸದ್ದೋ ಯಾವುದು ಒಡಕು ಸದ್ದೋ ನನಗಂತೂ ತಿಳಿಯಲ್ಲ," ಎಂದು ಡಾಕ್ಟರಮ್ಮ ನಕ್ಕರು. "ನಾವೂ ಹಲ್ಲನ್ನ ಹೀಗೇ ತಟ್ಟಿ ನೋಡ್ತೀವಿ ಮೇಸ್ತ್ರಿ. ನಮ್ಮಲ್ಲಿ ತಟ್ಟಿಸಿಕೊಂಡೋರು ಕೂಗ್ಕೋತಾರೆ, ಅಷ್ಟೇ ವ್ಯತ್ಯಾಸ."

ಅವರು ಹೋದ ಮೇಲೆ ಸೊಸೆ ಕೈ ತೊಳೆಯುವ ನೆಪದಲ್ಲಿ ಅಡುಗೆಮನೆಗೆ ಬಂದಳು. ಅತ್ತೆ ಈರುಳ್ಳಿ ಹೆಚ್ಚುತ್ತಿದ್ದರು.

"ಅತ್ತೆ, ಮಾವ ಒಡಕು ಹೆಡ್ಡನ್ನ ಒಳ್ಳೇದು ಅಂದ್ಬಿಟ್ರು."

ಚಾಕು ನಿಂತಿತು. "ಡಾಕ್ಟರಮ್ಮನ ಮುಂದೇನೇ?"

"ಅವರ ಮುಂದೇನೇ."

"ನೀನೇನಂದೆ?"

"ಏನೂ ಅನ್ನಲಿಲ್ಲ. ಬಟ್ಟೆ ಎತ್ಕೊಳ್ಳೋ ಹಾಗೆ ಬಗ್ಗಿಬಿಟ್ಟೆ."

"ಒಳ್ಳೇದು ಮಾಡಿದೆ," ಎಂದು ಅತ್ತೆ ಮತ್ತೆರಡು ಹೋಳು ಹೆಚ್ಚಿದರು. ಚಾಕು ಮತ್ತೆ ನಿಂತಿತು. "ಒಳ್ಳೇದು ಮಾಡಿದ್ಯೋ ಇಲ್ವೋ, ನನಗೂ ತಿಳೀತಿಲ್ಲ ಕಣೇ."

ಬಿರುಕು ಬಿಟ್ಟ ಹೆಡ್ಡು ಹಾಕಿದರೆ ಏನಾಗುತ್ತದೆಂದು ಅತ್ತೆಗೂ ಗೊತ್ತಿತ್ತು; ಇಷ್ಟು ವರ್ಷ ಕಿವಿ ಮೇಸ್ತ್ರಿಯ ಜೊತೆ ಬಾಳಿದವರು. ಊರೊಳಗೆ ಓಡುವಷ್ಟು ಹೊತ್ತು ಏನೂ ಆಗದು. ಏರು ಹತ್ತುವಾಗ ಇಂಜಿನ್ ಕಾಯುತ್ತದೆ, ಬಿರುಕು ಬಾಯಿ ಬಿಡುತ್ತದೆ, ನೀರು ಸಿಲಿಂಡರಿಗೆ ಇಳಿಯುತ್ತದೆ. ಗುಡ್ಡದ ತಿರುವಿನಲ್ಲಿ ಒಬ್ಬ ಹೆಂಗಸು, ಹೊಗೆ ಕಾರುವ ಕಾರು.

"ಹೇಳ್ಲೇಬೇಕು," ಅಂದಳು ಸೊಸೆ.

"ಹೇಳ್ಬೇಕು. ಆದ್ರೆ ಇವರಣ್ಣನ್ನ ನೀನು ನೋಡಿಲ್ಲ." ಅತ್ತೆ ಸೆರಗಿನಿಂದ ಕಣ್ಣೊರೆಸಿಕೊಂಡರು, ಈರುಳ್ಳಿಯೋ ಮತ್ತೇನೋ. "ಗಡಿಯಾರ ರಿಪೇರಿ ಮಾಡ್ತಿದ್ರು. ಕಣ್ಣು ಮಂಜಾಗಿ ಒಂದು ಸ್ಕ್ರೂ ತಪ್ಪು ಜಾಗಕ್ಕೆ ಹಾಕಿದ್ದಕ್ಕೆ ಗಿರಾಕಿ ಎದುರಿಗೇ ನಕ್ಕುಬಿಟ್ಟ. ಅವತ್ತು ಅಂಗಡಿ ಬಾಗಿಲು ಹಾಕಿದವರು ಮತ್ತೆ ತೆಗೀಲೇ ಇಲ್ಲ. ಗೋಡೆ ಕಡೆ ಮುಖ ಹಾಕ್ಕೊಂಡು ಕೂತ್ರು. ಊಟ ಇಟ್ರೆ ಉಂಡ್ರು, ಇಲ್ಲದಿದ್ರೆ ಇಲ್ಲ. ಇವರದ್ದೂ ಅದೇ ರಕ್ತ ಕಣಮ್ಮ. ಷೆಡ್ಡಿಗೆ ಬೀಗ ಹಾಕಿದ್ರೆ ಮನುಷ್ಯ ಉಳಿಯೋದಿಲ್ಲ."

ಆ ಮಾತು ಸೊಸೆಯನ್ನು ಬಿಡಲಿಲ್ಲ. ಮಗಳ ಜಡೆ ಹಾಕುವಾಗ, ಪಾತ್ರೆ ತಿಕ್ಕುವಾಗ, ಬಟ್ಟೆ ಒಣಗಿಸುವಾಗ ಅದೇ ಯೋಚನೆ. ಮಾರನೆಯ ದಿನ ಮಾವ ಕ್ಷೌರಕ್ಕೆ ಹೋದ ಹೊತ್ತು ನೋಡಿ, ಷೆಡ್ಡಿಗೆ ಹೋಗಿ ಆ ಎರಡನೇ ಹೆಡ್ಡನ್ನು ಬೆಂಚಿನ ಮೇಲೆ ಮಗುಚಿದಳು. ತಾನು ಕೇಳಿದ್ದೇ ತಪ್ಪಿದ್ದರೆ ಎಂಬ ಆಸೆ ಇನ್ನೂ ಸ್ವಲ್ಪ ಇತ್ತು. ಸೀಮೆಎಣ್ಣೆ ಸವರಿ, ಅದು ಇಂಗಲು ಬಿಟ್ಟು, ಒಣಬಟ್ಟೆಯಿಂದ ಚೆನ್ನಾಗಿ ಒರೆಸಿ, ಮೇಲೆ ಸೀಮೆಸುಣ್ಣ ಪುಡಿ ಮಾಡಿ ಹಚ್ಚಿದಳು. ಬಿರುಕಿನೊಳಗೆ ಎಣ್ಣೆ ಉಳಿದಿದ್ದರೆ ಸುಣ್ಣವನ್ನು ಒದ್ದೆ ಮಾಡಿ ಮೇಲೆ ಬರುತ್ತದೆ.

ಬಂತು. ಬೆಂಕಿ ಹತ್ತುವ ಕುಳಿಗಳಲ್ಲೊಂದರಲ್ಲಿ, ವಾಲ್ವ್‌ಗಳು ಬಂದು ಕೂರುವ ಎರಡು ಸೀಟುಗಳ ನಡುವೆ, ಮಗುವಿನ ತಲೆಗೂದಲಿನಷ್ಟು ಸಣ್ಣ ಗೆರೆ.

ಅವಳು ಅಲ್ಲೇ ನಿಂತು ತೀರ್ಮಾನ ಮಾಡಿದಳು. ಮಗಳು ಮಾಡಿದ ತಂಟೆಯನ್ನು ತನ್ನ ತಲೆಗೆ ಹಾಕಿಕೊಂಡು ಅಭ್ಯಾಸವಿದ್ದವಳು, ಇದನ್ನೂ ಹಾಕಿಕೊಂಡರಾಯಿತು. ಮಾವ ತಟ್ಟಿದಾಗ ಹೆಡ್ಡು ಚೆನ್ನಾಗಿಯೇ ಇತ್ತು. ಆಮೇಲೆ ತಾನು ಬೀಳಿಸಿದೆ. ಬೈಸಿಕೊಂಡರಾಯಿತು.

ಮಾವ ನುಣ್ಣನೆಯ ಗಲ್ಲ ಸವರಿಕೊಳ್ಳುತ್ತ ಬಂದರು. ಅವಳು ಎದುರಿಗೆ ನಿಂತು, ಕೇಳಿಸುವ ಹಾಗೆ, ಆದರೆ ಕಿರುಚಿದಂತಾಗದ ಹಾಗೆ ಹೇಳಿದಳು. "ಮಾವ, ಈ ಹೆಡ್ಡು ನನ್ನ ಕೈ ಜಾರಿ ಬಿದ್ದುಬಿಡ್ತು. ಬಿರುಕು ಬಿಟ್ಟಿದೆ."

ಮಾವ ಮೊದಲು ಹೆಡ್ಡಿನ ಕಡೆ ನೋಡಲಿಲ್ಲ. ಅವಳ ಪಾದ ನೋಡಿದರು. "ಕಾಲ ಮೇಲೆ ಬೀಳಲಿಲ್ಲ ತಾನೆ?"

"ಇಲ್ಲ ಮಾವ."

"ದೇವರು ದೊಡ್ಡವನು." ಆಮೇಲೆ ನೆಲ ನೋಡಿದರು, ಬೆಂಚಿನ ಸುತ್ತ ಒಂದು ಸುತ್ತು ಬಂದರು. "ಎಲ್ಲಿ ಬಿತ್ತು?"

ಅವಳು ಬೆರಳು ತೋರಿಸಿದಳು.

"ಇಷ್ಟು ಭಾರದ್ದು ಬಿದ್ರೆ ಸಿಮೆಂಟು ಒಂದು ಚೂರಾದ್ರೂ ಏಳಬೇಡ್ವಾ?" ಕನ್ನಡಕ ಹಾಕಿಕೊಂಡು ಸುಣ್ಣದ ಮೇಲಿನ ಗೆರೆಯ ಮೇಲೆ ಬಾಗಿದರು. ಉಗುರಿನಿಂದ ಕೆರೆದು, ಉಗುರಿನ ತುದಿ ಬೆಳಕಿಗೆ ಹಿಡಿದರು. ಕಪ್ಪು. "ಹೊಸ ಬಿರುಕಿನೊಳಗೆ ಮಸಿ ಎಲ್ಲಿಂದ ಬರುತ್ತೆ? ಬಿದ್ದು ಒಡೆಯೋದು ಅಂಚಿನಲ್ಲಿ. ಸೀಟಿನ ನಡುವೆ ಒಡೆಯೋದು ಕಾದಾಗ. ಇದು ನನ್ನ ಗೋಣಿಗೆ ಬರೋ ಮೊದಲೇ ಒಡೆದಿರೋದು."

ಸೊಸೆ ಸುಣ್ಣದ ಕೈಯನ್ನು ಸೆರಗಿಗೆ ಒರೆಸಿಕೊಂಡಳು.

"ನಿನ್ನೆ ತಟ್ಟಿದಾಗ ಯಾಕಮ್ಮ ಬಗ್ಗಿದೆ?"

"ಬಟ್ಟೆ..."

"ಬಟ್ಟೆ ಅಂತೆ ಬಟ್ಟೆ!" ಮಾವನ ದನಿ ತಗಡಿಗೆ ಬಡಿಯಿತು. ಅವಳ ಮೇಲೆ ಅವರು ಎಂದೂ ಹಾಗೆ ರೇಗಿರಲಿಲ್ಲ. "ನನ್ನ ಕಿವಿ ಹೋಗಿರೋದು ನನಗೆ ಗೊತ್ತಿಲ್ಲ ಅಂದ್ಕೊಂಡಿದ್ದೀರಾ ಎಲ್ಲರೂ? ಕಿವಿ ಯಾರದ್ದು? ನಂದು ತಾನೆ? ಮನೇಲಿ ಕಳ್ಳ ಹೆಜ್ಜೆ ಇಟ್ಕೊಂಡು ಓಡಾಡ್ತೀರಲ್ಲ, ನಾನು ಕಿವುಡ ಆದೆ, ಕುರುಡ ಆಗಲಿಲ್ಲ!"

ಅಡುಗೆಮನೆಯ ಬಾಗಿಲಲ್ಲಿ ಅತ್ತೆಯ ನೆರಳು ಕಂಡು, ನಿಂತು, ಹಿಂದೆ ಸರಿಯಿತು.

"ಮತ್ತೆ ಇಷ್ಟು ದಿನ... ತಟ್ಟಿ ನೋಡಿ ಸರಿಯಾಗೇ ಹೇಳ್ತಿದ್ರಲ್ಲ ಮಾವ?"

"ನಿನ್ನ ನೋಡಿ ಹೇಳ್ತಿದ್ದೆ." ರೇಗಿದಷ್ಟೇ ಬೇಗ ಅವರ ದನಿ ಇಳಿದುಹೋಯಿತು. ಸ್ಟೂಲಿನ ಮೇಲೆ ಕೂತರು. "ಕೆಟ್ಟ ಸದ್ದು ಬಂದ್ರೆ ನಿನ್ನ ಹುಬ್ಬು ಗಂಟಾಗುತ್ತೆ. ನಿನಗೇ ಗೊತ್ತಾಗಲ್ಲ. ಒಳ್ಳೇ ಸದ್ದಾದ್ರೆ ಹಾಲಿನ ನೆನಪಾಗಿ ಬಾಗಿಲ ಕಡೆ ನೋಡ್ತೀಯ. ಇಂಜಿನ್ ಮೇಲೆ ಅಂಗೈ ಇಟ್ಟು ಅದುರು ನೋಡ್ತೀನಿ, ತಲೆ ಎತ್ತಿ ನಿನ್ನ ಮುಖ ನೋಡ್ತೀನಿ. ಎರಡೂ ಸೇರಿದ್ರೆ ನನಗೆ ಕೇಳಿಸಿದ ಹಾಗೇನೇ. ನಿನ್ನೆ ನೋಡ್ತೀನಿ, ಮುಖಾನೇ ಇಲ್ಲ. ಕೆಟ್ಟದಾಗಿದ್ರೆ ಇವಳು ನನ್ನ ಕಡೆ ನೋಡ್ತಿದ್ದಳು, ನೆಲ ಗುಡಿಸ್ತಾ ಕೂರ್ತಿರಲಿಲ್ಲ ಅಂದ್ಕೊಂಡೆ. ಒಳ್ಳೇದು ಅಂದ್ಬಿಟ್ಟೆ."

ಸೊಸೆ ತಾನು ಇಷ್ಟು ವರ್ಷ ಬರೀ ಸ್ಪ್ಯಾನರ್ ಎತ್ತಿಕೊಡುತ್ತಿದ್ದೇನೆ ಎಂದುಕೊಂಡಿದ್ದಳು. ಅವರ ಮರ್ಯಾದೆ ಉಳಿಯಲಿ ಎಂದು ಬಗ್ಗಿದ್ದೇ ಅವರನ್ನು ಬೀಳಿಸಿತ್ತು.

"ಕಿವಿ ಹೋಯ್ತು, ಸರಿ, ವಯಸ್ಸು," ಅಂದರು ಮಾವ. "ನಿನ್ನ ಮುಖಾನೂ ಮುಚ್ಚಿಟ್ಟರೆ ನಾನು ಕೆಲಸ ಹೇಗಮ್ಮ ಮಾಡ್ಲಿ?"

"ಹೆದರಿಕೆ ಆಯ್ತು ಮಾವ. ದೊಡ್ಡಮಾವನ ಹಾಗೆ ನೀವೂ ಬಾಗಿಲು ಹಾಕ್ಕೊಂಡು ಕೂತ್ಬಿಟ್ರೆ ಅಂತ."

ಮಾವ ಉಗುರಿನ ಮಸಿ ಒರೆಸಿಕೊಂಡರು. "ಅಣ್ಣನ ಎದುರಿಗೆ ಕೂತು ಸ್ಕ್ರೂ ಹುಡುಕಿಕೊಡೋರು ಯಾರೂ ಇರಲಿಲ್ಲ," ಎಂದರು. "ನಾನೂ ಹೋಗಲಿಲ್ಲ. ನನ್ನ ಕೆಲಸ ನನಗೆ." ಮತ್ತೆ ಏನನ್ನೋ ಹೇಳಲು ಹೊರಟು ಬಿಟ್ಟರು. ಎದ್ದು ನಿಂತು ಅಂಗಿ ಕೊಡವಿಕೊಂಡರು. "ಸರಿ. ಇಂಜಿನ್ ಬೋಳುತಲೆ ಬಿಟ್ಕೊಂಡು ಕೂತಿದೆ. ಯಾವ ಹೆಡ್ಡು ಹಾಕೋದು? ನೀನು ಹೇಳು."

"ನಾನಾ?"

"ಮತ್ತೆ, ನಿಮ್ಮತ್ತೇನಾ?"

ಬಾಗಿಲ ಹಿಂದಿನಿಂದ "ನನಗೆ ಬೇರೆ ಕೆಲಸ ಇದೆ" ಎಂಬ ದನಿ ಬಂತು. ಅದು ಮಾವನಿಗೆ ಕೇಳಿಸಲಿಲ್ಲ.

ಸೊಸೆ ಯೋಚಿಸಿದಳು. ಹೊಸ ಅಲ್ಯೂಮಿನಿಯಂ ಹೆಡ್ಡು ಕೆಟ್ಟದ್ದೇನಲ್ಲ, ಆದರೆ ಮಾವ ಹೇಳಿದ್ದು ನಿಜ, ಈ ಕಾರಿಗೆ ಆ ಬಾಯಿ ದೊಡ್ಡದು. ಒಡಕನ್ನು ಬೆಸುಗೆ ಹಾಕಿಸಬಹುದು, ಆದರೆ ಬೀಡು ಬೆಸುಗೆಗೆ ಒಗ್ಗಿದರೆ ಒಗ್ಗಿತು, ಇಲ್ಲದಿದ್ದರೆ ಪಕ್ಕದಲ್ಲೇ ಇನ್ನೊಂದು ಕಡೆ ಸೀಳುತ್ತದೆ. ಗುಡ್ಡದ ರಸ್ತೆಗೆ ಆ ನಂಬಿಕೆ ಸಾಲದು. ಅವಳ ಕಣ್ಣು ಮೂಲೆಗೆ ಹೋಯಿತು.

"ನಿಮ್ಮ ಜೋಡೀಲಿ ಗಟ್ಟಿ ಇರೋದು ಒಂದು. ಡಾಕ್ಟರಮ್ಮನ ಕಾರಿಂದ ಬಿಚ್ಚಿದ್ದರಲ್ಲಿ ಸೀಳದೇ ಇರೋದು ಒಂದು. ಆ ಎರಡನ್ನ ಹಾಕೋಣ."

"ಬೇರೆ ಬೇರೆ ಇಂಜಿನ್ನಿನವು. ಯಾವತ್ತೂ ಹಾಗೆ ಹಾಕಿದವನಲ್ಲ ನಾನು."

"ಕುಳಿ ಅಳೆದು ನೋಡೋಣ ಮಾವ. ಎರಡೂ ಕಡೆ ಕುಳಿ ಒಂದೇ ಅಳತೆ ಇದ್ರೆ ಬೆಂಕಿಗೆ ಯಾವ ಇಂಜಿನ್ನಿಂದ ಬಂತು ಅಂತ ಹೇಗೆ ಗೊತ್ತಾಗುತ್ತೆ? ಒಂದು ಚಿಕ್ಕದಿದ್ರೆ ಸ್ವಲ್ಪ ಉಜ್ಜಿ ಇನ್ನೊಂದಕ್ಕೆ ಸರಿ ಮಾಡೋಣ. ಆಗಲ್ಲ ಅಂದ್ರೆ ಆಗ ಹೊಸದು ತರಿಸೋಣ."

ಮಾವ ಬಾಯಿ ಚಪ್ಪರಿಸಿದರು. ಒಪ್ಪಿಗೆಯಾದಾಗ ಅವರು ಮಾಡುವ ಸದ್ದು ಅದು. "ಮೊದಲು ತಟ್ಟಬೇಕು. ಆದ್ರೆ ಈಗ ಬೇಡ. ಡಾಕ್ಟರಮ್ಮನ್ನ ಕರಿ. ಅವರ ಮುಂದೆ ತಪ್ಪು ಹೇಳಿದ್ದೀನಿ, ಅವರ ಮುಂದೇನೇ ತಟ್ಟಬೇಕು."

ಡಾಕ್ಟರಮ್ಮ ಸಂಜೆ ಬಂದರು, ಕುಳಿಗೆ ನೀರು ತುಂಬಿ ಅಳೆಯಲು ಬೇಕೆಂದು ಸೊಸೆ ಫೋನಿನಲ್ಲಿ ಕೇಳಿದ್ದ ದೊಡ್ಡ ಸಿರಿಂಜು ಹಿಡಿದುಕೊಂಡು. "ಇಂಜೆಕ್ಷನ್ ಯಾರಿಗೆ ಮೇಸ್ತ್ರಿ?" ಎಂದು ನಗುತ್ತ ಒಳಗೆ ಕಾಲಿಟ್ಟವರು ಇಬ್ಬರ ಮುಖ ನೋಡಿ ನಗು ನಿಲ್ಲಿಸಿದರು.

ಮಾವ ಕುತ್ತಿಗೆಯ ಬಟ್ಟೆ ತೆಗೆದು ಕೈ ಒರೆಸಿಕೊಂಡರು. ಹೇಳಲು ಬಾಯಿ ತೆರೆದರು, ಮುಚ್ಚಿದರು, ಚೈನ್ ಪುಲ್ಲಿಯ ಕೊಂಡಿ ಸುಮ್ಮನೆ ಒಮ್ಮೆ ಎಳೆದು ನೋಡಿದರು. ಸೊಸೆಗೆ ಅಡ್ಡ ಹೋಗಿ ತಾನೇ ಹೇಳಿಬಿಡೋಣ ಎನ್ನಿಸಿತು. ತಡೆದುಕೊಂಡಳು.

"ಡಾಕ್ಟರೇ, ನಿನ್ನೆ ನಾನು ಒಳ್ಳೇದು ಅಂದ ಎರಡನೇ ಹೆಡ್ಡು ಒಡೆದಿದೆ. ನನಗೆ ಕೇಳಿಸಲಿಲ್ಲ. ನನ್ನ ಕಿವಿ ಹೋಗಿ ಎರಡು ವರ್ಷದ ಮೇಲಾಯ್ತು. ಕೇಳಿಸ್ಕೊಳ್ಳೋದು ಇವಳು. ನಿಮಗೆ ಬೇರೆ ಕಡೆ ಕೆಲಸ ಮಾಡಿಸ್ಬೇಕು ಅನ್ನಿಸಿದ್ರೆ ಇಂಜಿನ್ ನಾವೇ ಗಾಡಿಗೆ ಏರಿಸಿಕೊಡ್ತೀವಿ."

ಡಾಕ್ಟರಮ್ಮ ಮಾವನ ಮುಖ ನೋಡಿದರು, ಸೊಸೆಯ ಮುಖ ನೋಡಿದರು. ಸ್ಟೂಲು ಎಳೆದುಕೊಂಡು ಕೂತರು. "ಮೇಸ್ತ್ರಿ, ನನ್ನ ಕಣ್ಣಿಗೆ ಕನ್ನಡಕ ಇಲ್ಲದಿದ್ರೆ ಹಲ್ಲಿಗೂ ನಾಲಿಗೆಗೂ ವ್ಯತ್ಯಾಸ ಕಾಣಲ್ಲ. ಕೆಲಸ ಶುರು ಮಾಡಿ. ಕ್ಲಿನಿಕ್ಕಲ್ಲಿ ಜನ ಕಾಯ್ತಿದ್ದಾರೆ."

ಸೊಸೆ ಮೂಲೆಯ ಹೆಡ್ಡನ್ನು ಎತ್ತಿ ಕೊಂಡಿಗೆ ಸಿಕ್ಕಿಸಿದಳು. ಅದು ಒಂದೆರಡು ಸಲ ಓಲಾಡಿ ನಿಂತಿತು. ಮಾವ ಸುತ್ತಿಗೆ ಎತ್ತಿಕೊಂಡರು. ಯಾವಾಗಲೂ ನಿಲ್ಲುವಂತೆ ಅವಳ ಎದುರಿಗೆ ನಿಲ್ಲಲಿಲ್ಲ. ಅವಳ ಬದಿಗೇ ಬಂದು, ಹೆಡ್ಡಿಗೆ ಎದುರಾಗಿ, ಅವಳಿಗೆ ಬೆನ್ನು ತಿರುಗಿಸಿ ನಿಂತರು.

"ಮಾವ, ನಾನು ಇಲ್ಲಿದ್ದೀನಿ."

ಅವರು ತಿರುಗಲಿಲ್ಲ. ತಟ್ಟಿದರು.

ದನಿ ಹೊರಟಿತು, ಏರಿತು, ಮಂಜಿನ ಹಾಗೆ ಷೆಡ್ಡು ತುಂಬಿಕೊಂಡು ಮೆಲ್ಲಗೆ ಕರಗಿತು.

"ಚೆನ್ನಾಗಿದೆ," ಅಂದಳು ಸೊಸೆ.

ಮಾವ ಸುತ್ತಿಗೆ ಹಿಡಿದೇ ನಿಂತಿದ್ದರು. "ಗಟ್ಟಿಯಾಗಿ ಹೇಳು. ನನಗೆ ಕೇಳಿಸ್ತಿಲ್ಲ."

ಗಟ್ಟಿಯಾಗಿ ಹೇಳು ಎಂದು ಅವರು ಆ ಮನೆಯಲ್ಲಿ ಯಾರನ್ನೂ ಕೇಳಿದವರಲ್ಲ. ಸೊಸೆ ಉಸಿರು ತುಂಬಿಕೊಂಡು, ಮಗಳನ್ನು ಬೀದಿಯ ಆ ತುದಿಯಿಂದ ಕರೆಯುವಾಗಿನ ದನಿಯಲ್ಲಿ ಕೂಗಿದಳು. "ಚೆನ್ನಾಗಿದೆ ಮಾವಾ! ಗಟ್ಟಿ ಇದೆ!"

ಎದುರು ಮನೆಯ ಕಿಟಕಿ ತೆರೆದುಕೊಂಡಿತು. ಅತ್ತೆ ಸೌಟು ಹಿಡಿದು ಬಾಗಿಲಿಗೆ ಬಂದರು. "ಏನೇ ಅದು? ಏನು ಗಟ್ಟಿ ಇದೆ?"

"ಒಂದು ಕಡೆ ತಟ್ಟಿದ್ರೆ ಸಾಲದು," ಎಂದು ಮಾವ ಯಾರಿಗೂ ಉತ್ತರ ಕೊಡದೆ ಹೆಡ್ಡಿನ ಇನ್ನೊಂದು ತುದಿಗೆ ನಡೆದರು. "ನಾಲ್ಕೂ ಕುಳಿ ಹತ್ರ ತಟ್ತೀನಿ. ಅವಸರ ಮಾಡ್ಬೇಡ. ಅನುಮಾನ ಇದ್ರೆ ಅನುಮಾನ ಅಂತಾನೇ ಹೇಳು."

ಸೊಸೆ ಅತ್ತೆಯ ಕಡೆ ಕೈ ಎತ್ತಿ ಸುಮ್ಮನಿರಲು ಸನ್ನೆ ಮಾಡಿದಳು. ಕಣ್ಣು ಮುಚ್ಚಿಕೊಂಡಳು.